ಗುರಪ್ಪನ ಕಣ್ಣಿಗೆ ಬೀಳದ್ದು

ಬೆಳಗಿನ ವಾಕಿಂಗ್ ಮುಗಿಸಿ ನಾವು ನಾಲ್ಕು ಜನ ಮುದುಕರು ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕೂಡುವುದು ರೂಢಿ. ಹೋದ ತಿಂಗಳು ನಮ್ಮಲ್ಲೊಬ್ಬರು, ನಿವೃತ್ತ ಎಂಜಿನಿಯರು, ಟೂರಿನವರ ಜೊತೆ ಆಫ್ರಿಕಾ ನೋಡಿಕೊಂಡು ಬಂದರು. ಅವರ ಮೊಬೈಲಿನ ತುಂಬ ಪ್ರಾಣಿಗಳು. ಸಿಂಹ ಆಕಳಿಸುವುದು, ಜಿರಾಫೆ ಮುಳ್ಳಿನ ಗಿಡ ಮೇಯುವುದು, ಆನೆ ದಾರಿಗೆ ಅಡ್ಡ ನಿಂತದ್ದು. ಬೆರಳಿನಿಂದ ಒಂದೊಂದನ್ನೇ ಸರಿಸುತ್ತ ಹೋದವರು ಒಂದು ವಿಡಿಯೋ ಬಂದಾಗ ನಿಂತರು. ಕಂದು ನೀರಿನ ಹೊಳೆ. ನೀರಿನ ಮೇಲೆ ಬರೀ ಕಿವಿ, ಕಣ್ಣು, ಮೂಗಿನ ಹೊಳ್ಳೆ.

"ಇವು ಹಿಪ್ಪೋ ನೋಡ್ರಿ ಸರ. ಥೇಟ್ ನಮ್ಮ ಎಮ್ಮಿ ಇದ್ದಂಗ!" ಅಂದರು. ಎಲ್ಲರೂ ನಕ್ಕರು.

ನಾನು ಅರ್ಧ ಚಹಾ ಬಿಟ್ಟು ಎದ್ದೆ. ಸಕ್ಕರೆ ಕಾಯಿಲೆಯವನಿಗೆ ಇದೊಂದು ಅನುಕೂಲ ನೋಡಿ, ಯಾವಾಗ ಎದ್ದು ಹೊರಟರೂ ಯಾರೂ ಕಾರಣ ಕೇಳುವುದಿಲ್ಲ. ಕಾರಣ ಇಷ್ಟೇ. ಅದೇ ಮಾತನ್ನು, ಹೆಚ್ಚುಕಡಿಮೆ ಅದೇ ಅಕ್ಷರಗಳಲ್ಲಿ, ಸುಮಾರು ಐವತ್ತು ವರ್ಷದ ಹಿಂದೆ ಗುರಪ್ಪನ ಬಾಯಲ್ಲಿ ಕೇಳಿದ್ದೆ. ಕೇಳಿದ ಮರುದಿನ ಅವನು ಇರಲಿಲ್ಲ.

ಗುರಪ್ಪ ಮುನವಳ್ಳಿಯವನು. ಮಲಪ್ರಭೆಯಲ್ಲಿ ಎಮ್ಮೆ ಮೈ ತೊಳೆದು ಬೆಳೆದವನು, ಆಮೇಲೆ ಕಿತ್ತೂರಿನ ಸೋದರಮಾವನ ಮನೆಯಲ್ಲಿದ್ದು ಓದಿದವನು. ನಾವಿಬ್ಬರೂ ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದೆವು. ಅವನದು ಜೀವಶಾಸ್ತ್ರ, ನನ್ನದು ಗಣಿತ. ಎಪ್ಪತ್ತರ ದಶಕದ ನಡುವೆ ಒಂದು ದಿನ ಅವನು ಪೇಪರಿನ ತುಣುಕೊಂದನ್ನು ಸ್ಟಾಫ್ ರೂಮಿಗೆ ತಂದ. ಝಾಂಬಿಯಾ ದೇಶದ ಸಾಲೆಗಳಿಗೆ ಮಾಸ್ತರರು ಬೇಕಾಗಿದ್ದರು. ಅವನು ಅರ್ಜಿ ತುಂಬಿದ. ಅವನು ತುಂಬಿದ ಅಂತ ನಾನೂ ತುಂಬಿದೆ. ನನ್ನ ಜನ್ಮದಲ್ಲಿ ಸ್ವಂತ ಬುದ್ಧಿಯಿಂದ ಮಾಡಿದ ಕೆಲಸಗಳನ್ನು ಎಣಿಸಲು ಕೂತರೆ ಒಂದು ಕೈಯ ಬೆರಳು ಸಹ ಪೂರಾ ಬೇಕಾಗುವುದಿಲ್ಲ.

ಬೆಳಗಾವಿ ಸ್ಟೇಶನ್ನಿಗೆ ಅವನ ಹೆಂಡತಿ ನೀಲವ್ವ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದಿದ್ದಳು. ಗಾಡಿ ಬಿಡುವ ಹೊತ್ತಿಗೆ ಗಂಡನಿಗೆ ಏನೂ ಹೇಳದೆ ನನ್ನ ಕಡೆ ತಿರುಗಿ, "ಅಣ್ಣಾರ, ಇವರು ಭಾಳ ಧೈರ್ಯದ ಮನಶ್ಯಾ. ನೀವು ಅಂಜಬುರುಕರು ಅಂತ ಕೇಳೇನಿ. ಇವರ ಸಂಗಾಟ ಇರ್ರಿ," ಅಂದಳು. ಗುರಪ್ಪ ಗಾಡಿ ಅಲ್ಲಾಡುವಂತೆ ನಕ್ಕ. ನನಗೆ ಅವಮಾನವಾಗಲಿಲ್ಲ. ಯಾರೋ ನನ್ನ ಅಂಜಿಕೆಗೆ ಒಂದು ಉದ್ಯೋಗ ಕೊಟ್ಟಂತಾಯಿತು.

ಝಾಂಬಿಯಾಕ್ಕೆ ಹೋದ ಎರಡನೆಯ ವರ್ಷದ ಆಗಸ್ಟ್ ರಜೆಯಲ್ಲಿ ನಮ್ಮ ಸಾಲೆಯ ಐದು ಜನ ಹಿಂದುಸ್ತಾನಿ ಮಾಸ್ತರರು ಕೂಡಿ ಕಾಡು ನೋಡಲು ಹೋದೆವು. ನಾವಿಬ್ಬರು, ಕೊಲ್ಹಾಪುರದ ಜೋಶಿ, ಕೇರಳದ ಗಂಡ-ಹೆಂಡತಿ. ಮೇಲೆ ಛತ್ತಿಲ್ಲದ ಹಳೆಯ ಜೀಪು. ಅದನ್ನು ನಡೆಸುತ್ತಿದ್ದ ಫಿರಿ ಎಂಬಾತನೇ ಕಾಡು ತೋರಿಸುವವನು. ಹೊರಡುವ ಮೊದಲು ಅವನು ಮೂರು ಮಾತು ಹೇಳಿದ. ಕೆಳಗಿಳಿಯಬಾರದು, ಕೈ ಹೊರಗೆ ಚಾಚಬಾರದು, ಕೂಗಬಾರದು. ಪ್ರಾಣಿ ಕಂಡರೆ ಪಕ್ಕದವನ ಭುಜ ಮುಟ್ಟಿ ಮೆಲ್ಲಗೆ ಹೇಳಬೇಕು.

ಯಾರಿಗೆ ಮೊದಲು ಕಾಣುತ್ತದೆ ಎಂಬ ಪಂದ್ಯ ತಾನಾಗಿ ಸುರುವಾಯಿತು. ಆ ಪಂದ್ಯದಲ್ಲಿ ಗುರಪ್ಪನ ಎದುರು ನಿಲ್ಲುವವರೇ ಇರಲಿಲ್ಲ. ಒಣಗಿದ ಹುಲ್ಲಿನ ಬಯಲು ನಮಗೆಲ್ಲ ಒಣಗಿದ ಹುಲ್ಲಿನ ಬಯಲು. ಅವನು ಮಾತ್ರ ನನ್ನ ತೋಳು ಹಿಡಿದು, "ಅಲ್ನೋಡೋ, ಆ ಕಂಟಿ ಬುಡಕ್ಕ. ಕಿವಿ ಆಡಸಾಕ್ಹತ್ತೈತಿ," ಅನ್ನುತ್ತಿದ್ದ. ನೋಡಿದರೆ ಹುಲ್ಲೊಳಗಿಂದ ಜಿಂಕೆ ಏಳುತ್ತಿತ್ತು. ಫಿರಿಗಿಂತ ಮೊದಲು ಸಿಂಹಿಣಿಯನ್ನು ಕಂಡದ್ದೂ ಅವನೇ. ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಮಗಳಿಗೆಂದು ಬರೆದುಕೊಳ್ಳುತ್ತಿದ್ದ, ಅವಳಿಗಿನ್ನೂ ಓದಲು ಬರುತ್ತಿರಲಿಲ್ಲ.

ನನ್ನದು ಹೇಳುವಂತಿಲ್ಲ. ದಪ್ಪ ಗಾಜಿನ ಕನ್ನಡಕ, ಮೇಲೆ ಧೂಳು. ಆ ಒಂದು ದಿನದಲ್ಲಿ ನಾನು ಮೂರು ಸಲ ಪ್ರಾಣಿ ಕಂಡೆ. ಮೊದಲನೆಯದು ಬಂಡೆ. ಎರಡನೆಯದು ಸುಟ್ಟ ಗಿಡದ ಬೊಡ್ಡೆ. ಮೂರನೆಯದಕ್ಕೆ ನಾನು ನಿಯಮ ಮರೆತು "ಸಿಂಹ!" ಎಂದು ಕೂಗಿಯೇಬಿಟ್ಟೆ. ಅದು ಆಳೆತ್ತರದ ಹುತ್ತ. ಜೋಶಿ ಹೊಟ್ಟೆ ಹಿಡಿದುಕೊಂಡು ನಕ್ಕ. ಫಿರಿ ನಗಲಿಲ್ಲ, ತುಟಿಗೆ ಬೆರಳಿಟ್ಟು ತೋರಿಸಿದ. "ಮಾಸ್ತರ, ನಿನ್ನ ಚಸ್ಮಾ ಹೊಳಿಗೆ ಒಗಿ. ಬರೀ ಕಣ್ಣಿಗೆ ಇಷ್ಟಾದ್ರೂ ಕಂಡೀತು," ಎಂದ ಗುರಪ್ಪ. ಸಂಜೆ ಹೊಳೆಯ ದಂಡೆಗೆ ಬಂದಾಗ ನೀರೊಳಗೆ ಹಿಪ್ಪೋಗಳ ಹಿಂಡು ಬಿದ್ದಿತ್ತು. ಆಗ ಅವನು ಅಂದ ಮಾತೇ ಅದು. ಥೇಟ್ ನಮ್ಮ ಎಮ್ಮಿ ಇದ್ದಂಗ ಅದಾವ. ಅವನ ದನಿಯಲ್ಲಿ ಗೇಲಿ ಇರಲಿಲ್ಲ, ಊರಿನ ನೆನಪಿತ್ತು.

ಮರುದಿನ ಹೊತ್ತು ಹುಟ್ಟುವ ಮೊದಲೇ ಹೊರಟೆವು. ಹೊಳೆಯ ಪಕ್ಕದ ದಾರಿಯಲ್ಲಿ ಜೀಪಿನ ಎಂಜಿನ್ ಕಾಯ್ದು ಹಬೆ ಎದ್ದಿತು. ಯಾರೂ ಇಳಿಯಬೇಡಿ ಎಂದು ಹೇಳಿ ಫಿರಿ ಬಾನೆಟ್ ತೆಗೆದ. ತಂದ ನೀರು ಸಾಲಲಿಲ್ಲ. ಅವನು ಪೈಪಿನೊಂದಿಗೆ ಗುದ್ದಾಡುತ್ತ ಬಗ್ಗಿದ್ದಾಗ ಗುರಪ್ಪ ಡಬ್ಬಿ ಹಿಡಿದುಕೊಂಡು ಹಿಂದಿನಿಂದ ಇಳಿದ.

"ಏ, ಬ್ಯಾಡೋ," ಎಂದೆ.

"ಹೊಳಿ ದಂಡ್ಯಾಗ ಹುಟ್ಟಿದಾಂವ್ಗ ನೀರ ತರೂದು ಕಲಸ್ತೀ ಏನು? ಇಲ್ಲೇ ಇಪ್ಪತ್ತ ಹೆಜ್ಜಿ," ಎಂದು ಇಳಿಜಾರಿನಲ್ಲಿ ಹೋದ.

ನಮಗೆ ಆಗ ಗೊತ್ತಿರಲಿಲ್ಲ. ಹಿಪ್ಪೋ ರಾತ್ರಿಯೆಲ್ಲ ದಡದ ಮೇಲೆ ಮೇಯ್ದು, ಬೆಳಗಾಗುವಾಗ ನೀರಿಗೆ ಮರಳುತ್ತದೆ. ಅದಕ್ಕೂ ನೀರಿಗೂ ನಡುವೆ ಯಾರಾದರೂ ನಿಂತರೆ ಅದು ದಾರಿ ಬದಲಿಸುವುದಿಲ್ಲ.

ಇನ್ನು ಹೇಳುವುದನ್ನು ಸಾವಕಾಶ ಹೇಳುತ್ತೇನೆ. ಗುರಪ್ಪ ನೀರಿನ ಹತ್ತಿರ ಬಗ್ಗಿದ್ದ. ಅವನ ಹಿಂದೆ, ಎಡಕ್ಕೆ, ಕಂಟಿಯ ಪೊದೆಯೊಳಗೆ ನನಗೆ ಏನೋ ಕಪ್ಪಗೆ ಕಂಡಿತು. ಬಂಡೆ ಇರಬಹುದು ಅಂದುಕೊಂಡೆ. ಅದರ ಕಿವಿ ಆಡಿತು. ಎರಡು ದಿನದಲ್ಲಿ ಮೊದಲ ಸಲ, ಯಾರಿಗೂ ಕಾಣುವ ಮೊದಲು ನನಗೆ ಪ್ರಾಣಿ ಕಂಡಿತ್ತು. ಗುರಪ್ಪನಿಗೂ ಕಾಣದ್ದು. ಹೇಳಲು ನಾಚಿಕೆಯಾಗುತ್ತದೆ, ನನಗೆ ಖುಷಿಯಾಯಿತು. ನಾನು ಕೂಗಲಿಲ್ಲ. ಹುತ್ತಕ್ಕೆ ಸಿಂಹ ಅಂದವನು ನಾನು, ಮತ್ತೆ ನಗೆಪಾಟಲಾಗುವುದು ಬೇಡವಾಗಿತ್ತು. ಜೋಶಿಯ ಭುಜ ಮುಟ್ಟಿ ಮೆಲ್ಲಗೆ, "ಅಲ್ಲಿ ನೋಡಿ, ಏನೋ ಇದೆ," ಎಂದೆ. ಜೋಶಿ, "ಎಲ್ಲಿ?" ಎಂದು ಕಣ್ಣು ಕಿರಿದು ಮಾಡಿದ. ನಾನು ಬೆರಳು ತೋರಿಸಿದೆ.

ಅಷ್ಟರಲ್ಲಿ ಅದು ನೀರಿನ ಕಡೆ, ಗುರಪ್ಪನ ಮೇಲೆಯೇ ಓಡಿತ್ತು. ಆ ದೇಹ ಅಷ್ಟು ವೇಗವಾಗಿ ಓಡೀತೆಂದು ನಂಬುವಂತಿರಲಿಲ್ಲ. ಫಿರಿ ಜೀಪಿನ ತಗಡನ್ನು ಬಡಿಯುತ್ತ ಕಿರುಚಿದ. ನಾನೂ ಆಗಲೇ ಕಿರುಚಿದ್ದು.

ಗುರಪ್ಪನ ಡಬ್ಬಿಯಲ್ಲೇ ಹೊಳೆಯ ನೀರು ತಂದು ಎಂಜಿನ್ನಿಗೆ ಸುರಿದು ಫಿರಿ ಜೀಪು ಹೊರಡಿಸಿದ. ಹತ್ತಿರದ ಮಿಶನ್ ಆಸ್ಪತ್ರೆಗೆ ಎರಡು ತಾಸಿನ ದಾರಿ. ಗುರಪ್ಪನ ಸೊಂಟದ ಕೆಳಗೆ ನೋಡಲಾಗುತ್ತಿರಲಿಲ್ಲ. ತಲೆ ನನ್ನ ತೊಡೆಯ ಮೇಲಿತ್ತು. ಅವನು ನೋವೆಂದು ಅಳಲಿಲ್ಲ. ಅವನಿಗೆ ಏನೋ ಬಗೆಹರಿದಿರಲಿಲ್ಲ, ಅದನ್ನೇ ಕೇಳುತ್ತಿದ್ದ.

"ಎಲ್ಲಿತ್ತೋ ಅದು? ನನಗ ಕಾಣಲೇ ಇಲ್ಲಲೋ. ನಿನಗೇನರ ಕಂಡಿತ್ತೇನು?"

"ಇಲ್ಲೋ," ಎಂದೆ.

"ಯಾರಿಗೂ ಕಂಡಿಲ್ಲಂದ್ರ ಬಿಡು," ಎಂದ. ಅವನಿಗೆ ಸಮಾಧಾನವಾದಂತಿತ್ತು. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಜೀವ ಹೋಯಿತು.

ಆ ಬಿಸಿಲಿನಲ್ಲಿ ಹೆಣ ಇಡುವಂತಿರಲಿಲ್ಲ, ಊರಿಗೆ ಕಳಿಸುವ ಮಾತಂತೂ ದೂರ. ಮಿಶನ್ನಿನವರು ತಮ್ಮ ಸ್ಮಶಾನದಲ್ಲಿ ಜಾಗ ಕೊಟ್ಟರು. ಅವನೂ ನಾನೂ ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕುಣಿಯಲ್ಲಿ ಕೂಡ್ರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಕೊಡುತ್ತೇವೆ. ನಾನು ಹೋಗುವಷ್ಟರಲ್ಲಿ ಉದ್ದನೆಯ ಕುಣಿ ತೋಡಿ ಆಗಿತ್ತು, ಹಲಗೆಯ ಪೆಟ್ಟಿಗೆ ಬಂದಿತ್ತು. ಹೇಳಿ ನೋಡಬಹುದಿತ್ತು. ಆದರೆ ಮುರಿದ ಆ ಸೊಂಟವನ್ನು ಹೇಗೆ ಕೂಡ್ರಿಸುವುದು? ಅವನ ಕೊರಳಿನ ಲಿಂಗ ಬಿಚ್ಚಿ ಎಡಗೈಯಲ್ಲಿಟ್ಟು ಬೆರಳು ಮಡಚಿದೆ. ಹಣೆಗೆ ವಿಭೂತಿ ಹಚ್ಚಿದೆ. ಅವನನ್ನು ಮಲಗಿಸಿಯೇ ಮಣ್ಣು ಕೊಟ್ಟೆವು.

ಕೆಲವು ತಿಂಗಳ ಮೇಲೆ ನಾನು ಕೆಲಸ ಬಿಟ್ಟು ಬಂದೆ. ಬೈಲಹೊಂಗಲದಲ್ಲಿ ಒಂದು ರಾತ್ರಿ ಕಳೆದು ಮುನವಳ್ಳಿಯ ಬಸ್ಸು ಹತ್ತಿದೆ. ತಂತಿ ಮುಟ್ಟಿತ್ತು, ನನ್ನ ಪತ್ರವೂ ಮುಟ್ಟಿತ್ತು. ಆದರೂ ಊರೊಳಗೆ ಮಾತು ಬೇರೆಯಾಗಿತ್ತು. ಬಸ್ಸಿಳಿದು ಮನೆ ಕೇಳಿದರೆ ಅಂಗಡಿಯವನೊಬ್ಬ, "ಸಿಂಹ ತಿಂದ ಮಾಸ್ತರನ ಮನಿ ಏನ್ರಿ?" ಎಂದ.

ಗುರಪ್ಪನ ಅಣ್ಣ ನನ್ನನ್ನು ಜಗಲಿಯ ಮೇಲೆ ಕೂಡ್ರಿಸಿಕೊಂಡು ಎಲ್ಲವನ್ನೂ ಕೇಳಿದ. ಪ್ರಾಣಿ ಎಷ್ಟು ದೊಡ್ಡದು, ಹಲ್ಲು ಎಷ್ಟುದ್ದ, ಯಾರ ತಪ್ಪು. ನಾನು ಹೇಳಿದೆ, ಕಂಟಿ ಮತ್ತು ಕಿವಿ ಎರಡನ್ನು ಬಿಟ್ಟು. ನೀಲವ್ವ ಒಳಗಿನ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. ನಾನು ಹೊರಡಲು ಎದ್ದಾಗ ಮುಂದೆ ಬಂದಳು.

"ಅಣ್ಣಾರ, ಒಂದ ಕೇಳ್ತೇನಿ. ಕುಂದ್ರಿಸಿದ್ರೋ, ಮಲಗಿಸಿದ್ರೋ?"

ಅವಳ ಮುಖ ನೋಡಿದೆ. "ಕುಂದ್ರಿಸಿದ್ವಿ ತಂಗಿ," ಎಂದೆ.

ಅವಳು ಅಲ್ಲಿಯೇ ನೆಲಕ್ಕೆ ಕುಸಿದು, ಊರಿಗೇ ಕೇಳುವ ಹಾಗೆ ಅತ್ತಳು. ತಂತಿ ಬಂದಂದಿನಿಂದ ಅತ್ತಿರಲೇ ಇಲ್ಲವೆಂದು ಅಣ್ಣ ಆಮೇಲೆ ಹೇಳಿದ. ನಾನು ಸುಳ್ಳು ಹೇಳಿದ್ದು ಒಳ್ಳೆಯದೇ ಆಯಿತು ಎಂದು ಬಸ್ಸಿನಲ್ಲಿ ಬಹಳ ಹೊತ್ತು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಅವರು ಹೊಲದ ಬದುವಿನಲ್ಲಿ ಅವನ ಹೆಸರಿನಲ್ಲಿ ಒಂದು ಸಣ್ಣ ಗದ್ದುಗೆ ಕಟ್ಟಿಸಿದರು. ಒಳಗೆ ಏನೂ ಇಲ್ಲ, ಅವನ ಒಂದು ಅಂಗಿ ಮಾತ್ರ. ಪ್ರತಿ ವರ್ಷ ಪೂಜೆಗೆ ನನ್ನನ್ನು ಕರೆಯುತ್ತಿದ್ದರು. ಕೊನೆಗೆ ಕೈಯಲ್ಲಿ ಲಿಂಗ ಇಟ್ಟವನಲ್ಲವೆ ನಾನು, ಮೊದಲ ಎಲೆ ನನಗೆ ಹಾಕುತ್ತಿದ್ದರು. ಮಗಳು ದೊಡ್ಡವಳಾದಳು, ನರ್ಸ್ ಆದಳು, ತಾಯಿಯನ್ನು ಕಟ್ಟಿಕೊಂಡು ಮುನವಳ್ಳಿಯಲ್ಲೇ ನಿಂತಳು. ನಾನು ಕೆಲವು ವರ್ಷ ಹೋದೆ, ಆಮೇಲೆ ನೆಪ ಹೇಳತೊಡಗಿದೆ. ಆ ಮೊದಲ ಎಲೆಯ ಮುಂದೆ ಕೂಡಲಾಗುತ್ತಿರಲಿಲ್ಲ.

ಚಹಾದಂಗಡಿಯಿಂದ ಎದ್ದ ಆ ದಿನ ನಾನು ಮನೆಗೆ ಹೋಗಲಿಲ್ಲ. ಕಾಲುಗಳು ಬಸ್ ಸ್ಟ್ಯಾಂಡಿನ ಒಳಗೆ ನಡೆದವು, ಮುನವಳ್ಳಿಯ ಬಸ್ಸು ಹತ್ತಿದೆ.

ನೀಲವ್ವನ ತಲೆ ಪೂರಾ ಬೆಳ್ಳಗಾಗಿತ್ತು. ಮಗಳು ಡ್ಯೂಟಿಗೆ ಹೋಗಿದ್ದಳು. ನೀಲವ್ವ ಹೊರಗಿನ ಕೋಣೆಯಲ್ಲಿ ಅವರೆಕಾಳು ಆರಿಸುತ್ತ ಕೂತಿದ್ದಳು. ನಾನು ಪೀಠಿಕೆ ಹಾಕಲಿಲ್ಲ. ಪೀಠಿಕೆ ಹಾಕಿದ್ದರೆ ಅದರಲ್ಲೇ ಮುಗಿಸಿ ಎದ್ದು ಬರುತ್ತಿದ್ದೆ. ಕಂಟಿಯೊಳಗೆ ಕಂಡದ್ದನ್ನು ಹೇಳಿದೆ, ಖುಷಿಯಾದದ್ದನ್ನು ಹೇಳಿದೆ, ಅವನು ಕೇಳಿದಾಗ ಇಲ್ಲ ಎಂದದ್ದನ್ನು ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು.

"ನೀವು ಒದರಿದ್ರ ಉಳೀತಿದ್ರೇನು ಅವರು?"

"ಗೊತ್ತಿಲ್ಲವ್ವಾ. ಉಳೀತಿದ್ನೋ ಏನೋ."

ಉಳಿದದ್ದನ್ನೂ ಹೇಳಿದೆ. "ಆವತ್ತ ಸುಳ್ಳ ಹೇಳಿದ್ದೆ. ಕುಂದ್ರಸಾಕ ಆಗಲಿಲ್ಲ. ಮಲಗಿಸೇ ಮಣ್ಣ ಕೊಟ್ಟೇವಿ."

ಅವಳು ಮೊರದ ಕಡೆ ತಿರುಗಿದಳು. ಆಮೇಲೆ ನನಗಲ್ಲ, ತನಗೇ ಅನ್ನುವಂತೆ ಅಂದಳು. "ಇಷ್ಟ ವರ್ಷ ಕಣ್ಣ ಮುಚ್ಚಿದ್ರ ಕುಂತ ಮನಶ್ಯಾನ ಕಾಣ್ತಿದ್ರು. ಥಂಡಿ ದಿನದಾಗ, ಕುಂತ ಕುಂತ ಅವರ ಬೆನ್ನ ಹಿಡದಿರತೈತಿ ಅಂತ ನಾನೇ ಎದ್ದ ಕುಂದರ್ತಿದ್ದೆ. ಈ ವಯಸ್ಸಿನಾಗ ಇನ್ನ ಅವರನ್ನ ಮಲಗಸಬೇಕಲ್ರಿ."

ನಾನು ಕೈ ಜೋಡಿಸಿದೆ. ಅವಳು ನೋಡಲಿಲ್ಲ.

"ಮಗಳ ಬರೂ ಹೊತ್ತಾತು. ಆಕಿಗೆ ನಾನೇ ಹೇಳ್ತೇನಿ," ಎಂದಳು. "ನೀವಿನ್ನ ಹೋಗ್ರಿ."

ನಮ್ಮ ಕಡೆ ಮನೆಗೆ ಬಂದವರಿಗೆ ಯಾರೂ ಹಾಗೆ ಹೇಳುವುದಿಲ್ಲ. ಹಗೆಯವನಿಗೂ ಹೋಗಿ ಬರ್ರಿ ಅನ್ನುತ್ತೇವೆ. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಾಚೆ ಸ್ವಲ್ಪ ಹೊತ್ತು ನಿಂತೆ. ಇನ್ನೊಂದು ಶಬ್ದ ಬರಬಹುದೆಂದು ಕಾದೆ. ಒಳಗಿನಿಂದ ಕಾಳು ಮೊರಕ್ಕೆ ಬೀಳುವ ಸಪ್ಪಳ ಮತ್ತೆ ಸುರುವಾಯಿತು.