ಬಲೂನು ಒಳಗಿಲ್ಲ

ಎದೆಯ ಹಿಡಿತ ಮತ್ತೆ ಬಂದದ್ದು ಟೀ ತೋಟದಲ್ಲಿ. ಎಲೆಯ ಚೀಲ ತಲೆ ಮೇಲಿಟ್ಟುಕೊಂಡು ಏರು ಹತ್ತುತ್ತಿದ್ದೆ. ದವಡೆಯವರೆಗೂ ಎಳೆಯಿತು. ಚೀಲ ಇಳಿಸಿ ಕೂತೆ.

ಹೋದ ವರ್ಷವಷ್ಟೇ ಸ್ಟೆಂಟ್ ಹಾಕಿಸಿಕೊಂಡಿದ್ದೆ. ಮತ್ತೇನು ಬಂತು ಇದಕ್ಕೆ?

ನಮ್ಮೂರು ಕಟ್ಟಬೆಟ್ಟಿನಿಂದ ಘಾಟಿ ಇಳಿದು ಕೊಯಮತ್ತೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ಅರ್ಧ ಜೀವ ಹೋಗುತ್ತದೆ. ಮಗಳು ಮಂಜುಳನಿಗೆ ಆಗ ಏಳು ತಿಂಗಳ ಬಸಿರು. ಚೊಚ್ಚಲು. ಬಾಣಂತನ ನನ್ನದು. ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದನ್ನು ನಮ್ಮವ್ವ ನನಗೆ ಕಲಿಸಿದ್ದಳು. ಹಟ್ಟಿಯ ಎಷ್ಟೋ ಕೂಸುಗಳಿಗೆ ಎರೆದಿದ್ದೇನೆ. ಸ್ವಂತ ಮೊಮ್ಮಗು ಬರುವ ಹೊತ್ತಿಗೇ ಈ ಎದೆ ಹೀಗೆ ಮಾಡಬೇಕೆ?

ಆಂಜಿಯೋಗ್ರಾಮ್ ಮಾಡಿದ ಡಾಕ್ಟರ್ ತಮಿಳಿನಲ್ಲಿ ಬಿಡಿಸಿ ಹೇಳಿದರು. ಹಳೇ ಸ್ಟೆಂಟಿನ ಒಳಗೇ ಮಾಂಸ ಬೆಳೆದು ರಕ್ತದ ದಾರಿ ಕಿರಿದಾಗಿದೆಯಂತೆ. ಇನ್ನೊಂದು ಸ್ಟೆಂಟ್ ತುರುಕುವ ಬದಲು ಮದ್ದು ಹಚ್ಚಿದ ಬಲೂನ್ ಒಳಗೆ ಬಿಟ್ಟು ಉಬ್ಬಿಸುತ್ತಾರಂತೆ, ಮದ್ದು ಅಲ್ಲಿ ಅಂಟಿದ ಮೇಲೆ ಬಲೂನನ್ನು ಹೊರಗೆ ಎಳೆದುಬಿಡುತ್ತಾರಂತೆ. ಹೊಸದಾಗಿ ಬಂದದ್ದಂತೆ. ನಾನು ತಲೆಯಾಡಿಸಿದೆ. ನಮ್ಮ ಯಜಮಾನರೂ ಆಡಿಸಿದರು. ಆ ತಲೆಯೊಳಗೆ ಎಷ್ಟು ಹೋಗಿತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಬಲೂನ್ ಬಿಡುವ ಕೋಣೆ, ಆ ಕ್ಯಾಥ್ ಲ್ಯಾಬಿನ ಚಳಿಯ ಮುಂದೆ ನಮ್ಮ ಬೆಟ್ಟದ ಹಿಮ ಏನೂ ಅಲ್ಲ. ಬಲೂನ್ ಉಬ್ಬಿಸಿದಾಗ ಎದೆ ಮೇಲೆ ಯಾರೋ ಕೂತ ಹಾಗಾಯಿತು. ಶಿವನೇ, ಆ ಕೂಸಿಗೆ ಎರೆಯುವುದಕ್ಕಾದರೂ ಬಿಡಪ್ಪ ಅಂದೆ. ಆಮೇಲೆ ಸಡಿಲವಾಯಿತು.

ಮನೆಗೆ ಬಂದೆವು. ನಿಜವಾದ ಕಾಟ ಶುರುವಾದದ್ದು ಅಲ್ಲಿಂದ.

ಸ್ಟೆಂಟ್ ಒಳಗೇ ಉಳಿಯಿತಲ್ಲ, ಹಾಗೇ ಬಲೂನೂ ಉಬ್ಬಿಕೊಂಡು ಒಳಗಿದೆ ಅಂತ ಯಜಮಾನರ ಲೆಕ್ಕ. ಹಟ್ಟಿಗೆಲ್ಲ ಅದನ್ನೇ ಹೇಳಿಕೊಂಡು ಬಂದರು. ನಾನು ಕೆಮ್ಮಿದರೆ ಎಲ್ಲರೂ ತಿರುಗಿ ನೋಡುವವರು. ಒಲೆ ಊದಬೇಡ, ಒಡೆದೀತು ಅನ್ನುವವರು. ಹೂ ಪೋಣಿಸುತ್ತಿದ್ದ ಪಕ್ಕದ ಮನೆ ನಾಗಮ್ಮ, ನಾನು ಹತ್ತಿರ ಹೋದ ಕೂಡಲೇ ಸೂಜಿಯನ್ನು ಸೆರಗಿನಲ್ಲಿ ಮುಚ್ಚಿಟ್ಟಳು. ಹೊರಗೆ ತೆಗೆದರು ಅಂತ ಹೇಳಿ ಹೇಳಿ ಬಾಯಿ ಒಣಗಿತು. ನಿನಗೇನು ಗೊತ್ತು, ನೀನು ಮಲಗಿದ್ದೆ ಅಂದರು ಯಜಮಾನರು. ತಾವು ಹೊರಗೆ ಬೆಂಚಿನ ಮೇಲೆ ಕೂತು ಎಲ್ಲ ಕಂಡವರ ಹಾಗೆ!

ಕೂಸು ಹುಟ್ಟಿತು.

ಹೆಣ್ಣು. ಮೂಗು ನನ್ನದೇ. ನೋಡಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಆದರೆ ಎತ್ತಲು ಬಿಡಬೇಕಲ್ಲ? ಎರೆಯಲು ಮಂಜುಳನ ಅತ್ತೆಯನ್ನು ಕರೆಸಿದರು. ಒಳ್ಳೆಯ ಹೆಂಗಸು, ಇಲ್ಲ ಅನ್ನುವುದಿಲ್ಲ. ಕೂಸನ್ನು ಮಾತ್ರ ಪಾತ್ರೆ ತೊಳೆದ ಹಾಗೆ ತೊಳೆಯುತ್ತಾಳೆ. ನಾನು ಬಾಗಿಲಲ್ಲಿ ನಿಂತು ಹಲ್ಲು ಕಡಿದೆ.

ಚೆಕಪ್‌ಗೆ ಹೋದಾಗ ಯಜಮಾನರನ್ನೇ ಮುಂದೆ ತಳ್ಳಿದೆ. ನೀವೇ ಕೇಳಿ ಅಂದೆ.

"ಆ ಬಲೂನು ಎಷ್ಟು ವರ್ಷ ತಾಳುತ್ತೆ ಸಾರ್?"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅಯ್ಯಾ, ಅದನ್ನ ಅವತ್ತೇ ತೆಗೆದು ಕಸಕ್ಕೆ ಹಾಕಿದ್ವಿ."

ಕೂಸಿಗೆ ಎರೆಯಬಹುದೇ ಅಂತ ನಾನೇ ಕೇಳಿದೆ. ಧಾರಾಳವಾಗಿ ಅಂದರು. ಮಾತ್ರೆ ಬಿಡಬಾರದು, ನೋವು ಬಂದರೆ ತಡಮಾಡದೆ ಬರಬೇಕು, ದಾರಿ ಮತ್ತೆ ಕಿರಿದಾಗಲಾರದು ಅಂತ ಯಾರೂ ಬರೆದುಕೊಡಲಾಗದು ಅಂತಲೂ ಅಂದರು.

ವಾಪಸು ಬರುವ ಬಸ್ಸಿನಲ್ಲಿ ಯಜಮಾನರು ಕೋತಗಿರಿ ದಾಟಿದ ಮೇಲೆ ಕೇಳಿದರು. "ಹಾಗಾದ್ರೆ ನಿನ್ನ ಎದೆಯೊಳಗೆ ಏನೂ ಇಲ್ವಾ?"

"ಹಳೇ ಸ್ಟೆಂಟ್ ಇದೆ. ನೀವಿದ್ದೀರಿ. ಸಾಲದಾ?"

ಮರುದಿನ ಕಾಲು ನೀಡಿ ಕೂತೆ. ಮಂಜುಳ ಕೂಸನ್ನು ಎತ್ತಿಕೊಂಡು ಬಂದು ಕೊಡದೆ ನಿಂತಳು.

"ಆಗುತ್ತೇನವ್ವ?"

"ಕೊಡೇ."

ಕೂಸು ಮೊದಲು ಕಿರುಚಿತು. ಬೆನ್ನಿಗೆ ನೀರು ಬಿದ್ದ ಮೇಲೆ ಸುಮ್ಮನಾಯಿತು. ನಾನು ನನ್ನ ಎದೆಯ ಕಡೆಗೇ ಗಮನವಿಟ್ಟಿದ್ದೆ. ಹಿಡಿತ ಬರಲಿಲ್ಲ. ನಾಳೆ ಏನೋ, ಆ ಶಿವನಿಗೇ ಗೊತ್ತು. ನೀರು ತುಂಬ ಬಿಸಿಯಾಯಿತು ಅಂತ ಯಜಮಾನರು ಬಾಗಿಲಲ್ಲಿ ನಿಂತು ಶುರುಮಾಡಿದ್ದರು. ಅನ್ನಲಿ ಅಂತ ಇನ್ನೊಂದು ಚೊಂಬು ಎರೆದೆ.