ಶಿವಣ್ಣ ಕೂರದ ಕುರ್ಚಿ

ಸಾವಿತ್ರಿ, ನಿನ್ನ ಗಂಡ ಶಿವಣ್ಣ ಆ ದಿನ ಇಂಜಿನಿಯರುಗಳು ಹೇಳಿದ್ದನ್ನು ಕೇಳಿಸಿಕೊಂಡೇ ಇರಲಿಲ್ಲ. ಕೇಳಿಸಿಕೊಂಡಿದ್ದ ಎಂದು ನಿನಗೂ ಎಲ್ಲರಿಗೂ ಸುಳ್ಳು ಹೇಳಿದವನು ನಾನು — ನಿನ್ನ ಅಣ್ಣ.

ಹಾಸನದ ನಮ್ಮ ಫೌಂಡ್ರಿಗೆ ಉಕ್ಕಿನ ಇಂಜಿನಿಯರುಗಳ ಸಂಘದವರು ಬಂದಿದ್ದರು. ದೊಡ್ಡ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು. ನಮ್ಮಂಥ ಸಣ್ಣ ಫೌಂಡ್ರಿಗಳಿಗೆ ತಾವಾಗಿಯೇ ಬಂದು, ಕುಲುಮೆಯ ಮುಂದೆ ನಿಲ್ಲುವವರಿಗೆ ಅಪಾಯಗಳನ್ನು ತಿಳಿಸಿಕೊಡುತ್ತಿದ್ದರು. ಪಾಳಿ ನೋಡಿಕೊಳ್ಳುತ್ತಿದ್ದವನು ನಾನು. ಕುಲುಮೆ ನಿಂತರೆ ಮಾಲೀಕರು ಸುಮ್ಮನಿರುವುದಿಲ್ಲ — ಎಂದಿನ ಹಾಗೆ ಕುಲುಮೆಯವರ ಬದಲು ಸಭೆಯ ಕುರ್ಚಿ ತುಂಬಿಸಲು ವಾಚ್‌ಮನ್, ಡ್ರೈವರ್, ಕಸ ಗುಡಿಸುವವರನ್ನು ಕಳಿಸಿದೆ.

ಕುಲುಮೆ ನೋಡಿಕೊಳ್ಳುತ್ತಿದ್ದ ಶಿವಣ್ಣ ಸಭೆಯ ಬಾಗಿಲವರೆಗೂ ಬಂದಿದ್ದ.

"ಬಾವ, ನಾನೂ ಒಸಿ ಕೇಳ್ಕಂಡ್ ಬತ್ತೀನಿ."

"ನೀನ್ ಬಂದ್ರೆ ಫರ್ನೇಸ್ ಯಾರಪ್ಪ ನೋಡ್ಕತ್ತಾರೆ? ನಡಿ, ನಾನ್ ಕೇಳ್ಕಂಡ್ ನಿಂಗ್ ಏಳ್ತೀನಿ."

"ಆಯ್ತು ಬುಡಿ. ವಾಚ್‌ಮನ್ನೇ ಕಬ್ಬಿಣ ಕರಗ್ಸೋದ್ ಕಲ್ತ್ಕಳ್ಲಿ," ಎಂದು ನಕ್ಕು ಹೋದ.

ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ವಯಸ್ಸಾದ ಇಂಜಿನಿಯರೊಬ್ಬರು ಎರಡೂ ತುದಿ ಮುಚ್ಚಿದ ಪೈಪೊಂದನ್ನು ಎತ್ತಿ ತೋರಿಸಿದರು. ಗುಜರಿಯಲ್ಲಿ ಇಂಥದ್ದು ಬಂದರೆ ಹಾಗೇ ಹಾಕಬೇಡಿ, ಒಳಗೆ ನೀರಿದ್ದರೆ ಬಾಂಬಿನಂತೆ ಸಿಡಿಯುತ್ತದೆ, ಕತ್ತರಿಸಿ ಒಣಗಿಸಿ ಎಂದರು. ಸಂಜೆ ಶಿವಣ್ಣನ ಬೈಕಿನ ಹಿಂದೆಯೇ ಕೂತು ನಮ್ಮೂರು ದುದ್ದಕ್ಕೆ ಬಂದೆ. ದಾರಿಯುದ್ದಕ್ಕೂ ಡೈರಿ ಚುನಾವಣೆಯ ಮಾತು. ಇದೊಂದನ್ನು ಮಾತ್ರ…

ಮಳೆಗಾಲದಲ್ಲಿ ಅಂಥದೇ ಪೈಪು ಗುಜರಿಯ ಜೊತೆ ಬಂತು. ಶಿವಣ್ಣ ಅದನ್ನು ಹಾಗೇ ಕುಲುಮೆಗೆ ಹಾಕಿದ. ಅದು ಸಿಡಿದು ಕರಗಿದ ಕಬ್ಬಿಣ ಅವನ ಮೇಲೇ — ಅವನು ಉಳಿಯಲಿಲ್ಲ, ನಿನಗೆ ಗೊತ್ತು.

ಇನ್ನೆಲ್ಲೂ ಹೀಗಾಗಬಾರದೆಂದು ಸಂಘದವರು ವಿಚಾರಿಸಲು ಬಂದರು. "ನಾವು ಹೇಳಿದ್ದು ಅವರಿಗೆ ಗೊತ್ತಿತ್ತೇ?" ಎಂದು ಆ ಹಿರಿಯರು ಕೇಳಿದರು.

"ಗೊತ್ತಿತ್ತು ಸಾ. ಮರ್ತ್ಬುಟ್ಟ ಅನ್ಸುತ್ತೆ."

ಅವರು ತಲೆ ತಗ್ಗಿಸಿದರು — ತಾವೇ ಸರಿಯಾಗಿ ಹೇಳಲಿಲ್ಲವೇನೋ ಎಂಬಂತೆ.

ನಿನಗೂ ಅದನ್ನೇ ಹೇಳಿದೆ. ಈಗ ಮಗಳು ಏನಾದರೂ ಮರೆತರೆ ಸಾಕು, "ನಿಮ್ಮಪ್ಪನ್ ತರ ಆಡ್ಬ್ಯಾಡ ಕಣೆ, ಏಳಿದ್ನ ಕಿವಿಗ್ ಆಕ್ಕೊ," ಎನ್ನುತ್ತೀಯ. ಆ ಮಗು ತಲೆ ಬಗ್ಗಿಸುತ್ತದೆ. ನಾನು ಅಲ್ಲೇ ಕೂತು ನೀನು ಕೊಟ್ಟ ಕಾಫಿ ಕುಡಿಯುತ್ತೇನೆ.

ಸಂಘದವರು ಮತ್ತೆ ಬರುತ್ತಿದ್ದಾರೆ. ಈ ಸಲ ಮಾಲೀಕರು ಕುಲುಮೆ ನಿಲ್ಲಿಸಿ ಅಲ್ಲಿನವರನ್ನು ಸಭೆಗೆ ಬಿಡುತ್ತಾರೋ ಇಲ್ಲವೋ, ನನ್ನ ಕೈಯಲ್ಲಿಲ್ಲ. ನಿಜ ಹೇಳುವುದಷ್ಟೇ ಉಳಿದಿದೆ. ಅವರ ಮುಂದೆಯೂ ಹೇಳುತ್ತೇನೆ. ಮೊದಲು ನೀನು ಮಗಳಿಗೆ ಹೇಳು — ಅವಳಪ್ಪ ಏನನ್ನೂ ಮರೆತಿರಲಿಲ್ಲ. ಮಾವ ಹೇಳಿರಲಿಲ್ಲ.