ಚಾವಿ ಇಲ್ಲದೆ ಹಾಡುವ ಸ್ಟೀರಿಯೊ

ನಮ್ಮ ಮಾವನವರು ಸಂಜೆ ಹೊತ್ತು ಮನೆ ಮುಂದೆ ನಿಂತ ಕಾರಿನಲ್ಲಿ ಕೂತು ರೇಡಿಯೊ ಕೇಳುತ್ತಿದ್ದರು. ಎಲ್ಲಿಗೂ ಹೋಗುತ್ತಿರಲಿಲ್ಲ. ಕಲಬುರಗಿ ಅಂಚಿನ ಕುಸನೂರಿನ ಹೊಸ ಬಡಾವಣೆಯಲ್ಲಿ ನಮ್ಮ ಮನೆ ಚಿಕ್ಕದು; ಒಳಗೆ ಅತ್ತೆಯವರ ಧಾರಾವಾಹಿ ಶುರುವಾದರೆ ಇನ್ನೊಂದು ದನಿಗೆ ಜಾಗವಿರಲಿಲ್ಲ. ಮಾವನವರು ಕಾರಿನ ಬಾಗಿಲು ತೆರೆದಿಟ್ಟು, ಒಂದು ಕಾಲು ಹೊರಗೆ ಚಾಚಿ, ಅಭಂಗವೋ ದಾಸರ ಪದವೋ ಬಂದದ್ದನ್ನು ಕೇಳಿ, ವಾರ್ತೆ ಮುಗಿದ ಮೇಲೆ ಊಟಕ್ಕೆ ಬರುತ್ತಿದ್ದರು.

ಅವರು ಸರ್ವೇ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ನಾನು ಕಮಲಾಪುರದ ಒಕ್ಕಲುತನದ ಮನೆಯವಳು, ಲಿಂಗ ಕಟ್ಟಿಕೊಂಡವರ ಮಗಳು. ನಾನೂ ಅವರ ಮಗನೂ ಮೆಚ್ಚಿ ಮಾಡಿಕೊಂಡ ಮದುವೆಗೆ ಅವರು ಅಡ್ಡ ಬರಲಿಲ್ಲ, ಆದರೆ ನನ್ನೊಂದಿಗೆ ನೇರವಾಗಿ ಮಾತಾಡುತ್ತಲೂ ಇರಲಿಲ್ಲ. ನಾನು ಅಲ್ಲೇ ನಿಂತಿದ್ದರೂ ಮಗನ ಕಡೆ ತಿರುಗಿ, "ಅಕಿ ಊಟ ಮಾಡ್ಯಾಳೇನು ಕೇಳು" ಅನ್ನುತ್ತಿದ್ದರು. ಸಿಟ್ಟಿನಿಂದ ಅಲ್ಲ. ಹೇಗೆ ಶುರು ಮಾಡಬೇಕೆಂದು ಅವರಿಗೂ ತಿಳಿಯದು, ನನಗೂ ತಿಳಿಯದು. ಹಾಗೇ ಎರಡು ದೀಪಾವಳಿ ಕಳೆದವು.

ಕಾರಿನ ಹಳೆಯ ಸ್ಟೀರಿಯೊ ಒಂದು ದಿನ ಸುಮ್ಮನಾಯಿತು. ನನ್ನ ಗಂಡ ಹೊಸದೊಂದು ತಂದರು, ಆದರೆ ಹಾಕಿಸಲು ಪುರಸೊತ್ತಿಲ್ಲ. ನಂದೂರಿನ ದಾಲ್ ಮಿಲ್ಲಿನಲ್ಲಿ ಅವರಿಗೆ ಸುಗ್ಗಿಯಲ್ಲಿ ರವಿವಾರವೂ ಕೆಲಸ. ನಾನು ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಾನೇ ಕೂಡಿಸುತ್ತೇನೆ ಎಂದು ಗಂಡನಿಂದ ಚಾವಿ ಇಸಿದುಕೊಂಡೆ. ನನ್ನ ಮೀಟರು, ಇಕ್ಕಳ, ಟೇಪು ನೋಡಿ ಮಾವನವರು ಒಂದು ಸ್ಟೂಲು ತಂದು ಪಕ್ಕದಲ್ಲಿ ಕೂತರು.

ಹಳೆಯದನ್ನು ಎಳೆದಾಗ ಅದರ ಹಿಂದೆ ಪ್ಲಗ್ಗೇ ಇರಲಿಲ್ಲ. ಮೊದಲೇ ಯಾರೋ ಅದನ್ನು ಕತ್ತರಿಸಿ ತಂತಿಗಳನ್ನು ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ್ದರು. ಹೊಸ ಸ್ಟೀರಿಯೊಗೆ ವಿದ್ಯುತ್ತು ಕೊಡಲು ಮೂರು ತಂತಿ ಸಾಕು. ಹಳದಿಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟು ಬರುತ್ತಿರಬೇಕು. ಗಂಟೆ, ಸ್ಟೇಷನ್ನು ಅದು ನೆನಪಿಟ್ಟುಕೊಳ್ಳುವುದು ಅದರಿಂದ. ಕೆಂಪಿಗೆ ಚಾವಿ ತಿರುಗಿಸಿದಾಗ ಮಾತ್ರ ಬರಬೇಕು. ಕಪ್ಪು, ಕಾರಿನ ಕಬ್ಬಿಣದ ಮೈಗೆ. ಆದರೆ ಕಾರಿನ ಕಡೆಯ ತಂತಿಗಳ ಬಣ್ಣ ಇದಕ್ಕೆ ಹೊಂದುತ್ತಿರಲಿಲ್ಲ. ಹಾಗಾಗಿ ಒಂದೊಂದಕ್ಕೂ ಮೀಟರು ಹಚ್ಚಿ, ಚಾವಿ ತಿರುಗಿಸಿ ನೋಡಿ, ತೆಗೆದು ನೋಡಿ, ಯಾವುದು ಏನೆಂದು ಗುರುತು ಮಾಡಿಕೊಂಡೆ. ಆಮೇಲೆ ಬ್ಯಾಟರಿಯ ಒಂದು ತುದಿ ಬಿಚ್ಚಿಟ್ಟು ತಂತಿ ಸುಲಿಯತೊಡಗಿದೆ.

ಆಗ ಮಾವನವರು ಮಾತಾಡಿದರು. ನನ್ನ ಕಡೆ ನೋಡಲಿಲ್ಲ, ಸ್ಟೀರಿಯೊ ತೆಗೆದ ಖಾಲಿ ಜಾಗದ ಕಡೆ ನೋಡುತ್ತಾ ಕೇಳಿದರು: "ಆ ಕೆಂಪು ತಂತೀನೂ ಹಳದಿ ಜೋಡಿನೇ ಕೂಡಿಸಿದ್ರ ಏನಾಗ್ತದ?"

ಚಾವಿ ಇಲ್ಲದೆಯೂ ಹಾಡುತ್ತದೆ, ಆದರೆ ಬಂದ್ ಮಾಡುವುದು ಮರೆತರೆ ಬ್ಯಾಟರಿ ಇಳಿದುಹೋಗುತ್ತದೆ ಎಂದು ಹೇಳಿದೆ.

"ನಾ ಬಂದ್ ಮಾಡ್ತೀನಿ. ಮರ್ಯಾಂಗಿಲ್ಲ."

ಮನೆಯಲ್ಲಿ ಇಷ್ಟು ದಿನಕ್ಕೆ ಅವರು ನನ್ನನ್ನು ಕೇಳಿದ್ದು ಅದೊಂದೇ. ಇಲ್ಲ ಅನ್ನಲಾಗಲಿಲ್ಲ. ಎರಡೂ ತಂತಿಯನ್ನು ಒಟ್ಟಿಗೆ ಬ್ಯಾಟರಿಯ ತಂತಿಗೆ ತಿರುಚಿ ಟೇಪು ಸುತ್ತಿದೆ. ಬ್ಯಾಟರಿ ಕೂಡಿಸಿದಾಗ ಸ್ಟೀರಿಯೊ ನೀಲಿಯಾಗಿ ಬೆಳಗಿತು. ಅವರು ತಮ್ಮ ಸ್ಟೇಷನ್ನು ತಾವೇ ಹುಡುಕಿಕೊಂಡರು.

ಒಂದೆರಡು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಕಮಲಾಪುರದಲ್ಲಿ ನನ್ನ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಗಂಡನಿಗೆ ಬರಲಾಗದು, ನಾನೊಬ್ಬಳೇ ಕಾರು ತೆಗೆದೆ. ಅಷ್ಟರಲ್ಲಿ ಮಾವನವರು ಇಸ್ತ್ರಿ ಮಾಡಿದ ಅಂಗಿ, ಕರಿ ಟೊಪ್ಪಿಗೆ ಹಾಕಿಕೊಂಡು ಹೊರಗೆ ಬಂದು ಮುಂದಿನ ಸೀಟಿನಲ್ಲಿ ಕೂತರು. ನನ್ನ ಅಪ್ಪ ಎಷ್ಟೋ ಸಲ ಕರೆದರೂ ಅವರು ಕಮಲಾಪುರಕ್ಕೆ ಬಂದಿರಲಿಲ್ಲ. ಈಗೇಕೆ ಹೊರಟರೆಂದು ನಾನು ಕೇಳಲಿಲ್ಲ. ದಾರಿಯುದ್ದಕ್ಕೂ ರೇಡಿಯೊ ಮಾತಾಡಿತು, ನಾವು ಮಾತಾಡಲಿಲ್ಲ.

ಅಪ್ಪ ಬಾಗಿಲಲ್ಲೇ ಕೈಕಾಲಿಗೆ ನೀರು ಕೊಟ್ಟು ಬರಮಾಡಿಕೊಂಡರು. ಮನೆ ತುಂಬ ಜನ. ಮಾವನವರು ಮಗುವಿನ ಕೈಯಲ್ಲಿ ನೋಟು ಇಟ್ಟರು, ಊಟದ ಮಾತು ಬಂದಾಗ ಇವತ್ತು ಏಕಾದಶಿ ಎಂದು ಹೇಳಿ ಹೊರಗೆ ಹೋದರು. ಆ ದಿನ ಏಕಾದಶಿ ಇರಲಿಲ್ಲ. ಅವ್ವ ನನ್ನ ಮುಖ ನೋಡಿದಳು. ಬೇವಿನ ಮರದ ಕೆಳಗೆ ನಿಂತ ಕಾರಿನಲ್ಲಿ ಕೂತು ಅವರು ಮಧ್ಯಾಹ್ನವೆಲ್ಲ ರೇಡಿಯೊ ಕೇಳಿದರು. ಒಮ್ಮೆ ಅಪ್ಪ ಚಹಾ ಕಳಿಸಿದರು, ಕುಡಿದರಂತೆ.

ಇಳಿಹೊತ್ತಿಗೆ ಹೊರಡೋಣವೆಂದು ಚಾವಿ ತಿರುಗಿಸಿದರೆ ಕಟಕಟ ಎಂದಷ್ಟೇ ಸದ್ದು. ಸ್ಟೀರಿಯೊ ಬಂದ್ ಮಾಡಿದ್ದಿರೇನು ಎಂದು ಮಾವನವರನ್ನು ಕೇಳಿದೆ. ದನಿ ಪೂರ್ತಿ ಇಳಿಸಿ ಅಲ್ಲೇ ನಿದ್ದೆ ಹೋಗಿದ್ದೆ ಎಂದರು. ದನಿ ಇಳಿಸಿದರೆ ಬಂದ್ ಆದಂತೆ ಎಂದು ಅವರು ತಿಳಿದಿದ್ದರು. ಮನೆಯಲ್ಲೂ ದಿನಾ ಹಾಗೇ ಮಾಡುತ್ತಿದ್ದರೇನೋ; ಮರುದಿನ ಕಾರು ಓಡಿದಾಗ ಬ್ಯಾಟರಿ ತುಂಬಿಕೊಳ್ಳುತ್ತಿತ್ತು. ಬ್ಯಾಟರಿಯೂ ಹಳೆಯದು, ಇವತ್ತು ಕೈಬಿಟ್ಟಿತ್ತು.

ಅಪ್ಪನ ಟ್ರ್ಯಾಕ್ಟರ್ ಹೊಲಕ್ಕೆ ಹೋಗಿತ್ತು. ಅದು ಬಂದರೆ ಅದರ ಬ್ಯಾಟರಿಯಿಂದ ಕೇಬಲ್ ಹಚ್ಚಿ ಕಾರು ಚಾಲೂ ಮಾಡಬಹುದು. ಅಲ್ಲಿಯ ತನಕ ಕಾಯಬೇಕು. ಕಾರಿನಲ್ಲಿ ಕೂತು ಕೇಳಲು ಈಗ ರೇಡಿಯೊ ಇಲ್ಲ. ಮಾವನವರು ಕಟ್ಟೆಯ ಮೇಲೆ ಅಪ್ಪನ ಪಕ್ಕ ಬಂದು ಕೂತರು. ಅಪ್ಪ ಒಂದು ಚಿಪ್ಪು ಕೆಂಪು ಬಾಳೆ ತರಿಸಿ ಮುಂದಿಟ್ಟು, ಏಕಾದಶಿಗೆ ಹಣ್ಣು ನಡೀತದಲ್ರಿ ಎಂದರು. ಅವರ ದನಿಯಲ್ಲಿ ಹಾಸ್ಯವಿರಲಿಲ್ಲ, ನಂಬಿಯೇ ಹೇಳಿದ್ದರು. ಮಾವನವರು ಒಂದು ಹಣ್ಣು ಸುಲಿದರು.

ಯಾವ ಕಡೆ ಹೊಲ ಎಂದು ಅವರು ಕೇಳಿದರು. ಅಪ್ಪ ಹೇಳಿದರು. ಹಳ್ಳದ ಆಚೆಯೋ ಈಚೆಯೋ ಎಂದು ಇವರು ಮತ್ತೆ ಕೇಳಿದಾಗ ಅಪ್ಪ ಅವರ ಕಡೆ ತಿರುಗಿ ಕೂತರು. ನೌಕರಿಯ ಮೊದಲ ವರ್ಷಗಳಲ್ಲಿ ಮಾವನವರು ಆ ಭಾಗದಲ್ಲೇ ಸರಪಳಿ ಹಿಡಿದು ಹೊಲ ಅಳೆದಿದ್ದರಂತೆ, ಚಾವಡಿಯಲ್ಲಿ ಮಲಗುತ್ತಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಯಾವ ಗಡಿಯ ಬಾಂದುಗಲ್ಲು ಎಲ್ಲಿತ್ತು, ಹಳ್ಳ ಯಾವ ಮಳೆಗೆ ದಿಕ್ಕು ಬದಲಿಸಿತು ಎಂದು ಇಬ್ಬರೂ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಜಗ್ಗಾಡಿದರು. ಟ್ರ್ಯಾಕ್ಟರ್ ಬಂದಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಅವ್ವ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಮಾತಿನ ನಡುವೆ ಮಾವನವರು ಉಂಡರು. ಏಕಾದಶಿಯ ಸುದ್ದಿ ಯಾರೂ ತೆಗೆಯಲಿಲ್ಲ.

ಕೇಬಲ್ ಹಚ್ಚಿ, ಕಾರು ಚಾಲೂ ಮಾಡಿಕೊಂಡು ಕಲಬುರಗಿ ದಾರಿ ಹಿಡಿದೆವು. ಬ್ಯಾಟರಿ ತುಂಬಲಿ ಎಂದು ಸ್ಟೀರಿಯೊ ಹಚ್ಚಲಿಲ್ಲ. ತಂತಿ ಬದಲಿಸಿಬಿಡುತ್ತೇನೆ ಎಂದು ನಾನು ಹೇಳಿದೆ.

"ತಂತೀದೇನೂ ತಪ್ಪಿಲ್ಲವ್ವಾ," ಎಂದರು ಮಾವನವರು. "ಚಾವಿ ನನ್ನ ಕೈಯಾಗ ಇದ್ದಿದ್ರ ನಾ ಯಾಕ ಹಂಗ ಮಾಡು ಅಂತಿದ್ದೆ? ರೇಡಿಯೊ ಕೇಳ್ಲಿಕ್ಕೂ ಮಗನ್ನ ಕೇಳಬೇಕು."

ಅವರ ಕಣ್ಣಿನಲ್ಲಿ ಪೊರೆ ಬಂದಿದ್ದಾಗ ಕಾರು ಓಡಿಸಬೇಡಿರೆಂದು ನನ್ನ ಗಂಡ ಚಾವಿ ತೆಗೆದಿಟ್ಟುಕೊಂಡಿದ್ದರು. ಆಪರೇಷನ್ ಆಗಿ, ಮಾವನವರು ಕನ್ನಡಕವಿಲ್ಲದೆ ರಸ್ತೆಯ ಬೋರ್ಡು ಓದತೊಡಗಿದ ಮೇಲೂ ಅದು ಮಗನ ಜೇಬಿನಲ್ಲೇ ಉಳಿದಿತ್ತು. ತಿರುಗಿ ಕೊಡಬೇಕೆಂದು ಮಗನಿಗೆ ಹೊಳೆದಿರಲಿಲ್ಲ. ಕೇಳಲು ಮಾವನವರಿಗೆ ಮನಸ್ಸಾಗಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಇದಷ್ಟನ್ನೇ ಹೇಳಿದೆ. ಅವರು ಕಪಾಟಿನಿಂದ ಎರಡನೆಯ ಚಾವಿ ಹುಡುಕಿ ತಮ್ಮ ಅಪ್ಪನ ದಿಂಬಿನ ಹತ್ತಿರ ಇಟ್ಟು ಬಂದರು. ಹೊಸ ಬ್ಯಾಟರಿ ಹಾಕಿಸಿದೆವು. ಮುಂದಿನ ರವಿವಾರ ಕೆಂಪು ತಂತಿಯನ್ನು ಬಿಡಿಸಿ, ಚಾವಿ ತಿರುಗಿಸಿದರೆ ಮಾತ್ರ ಕರೆಂಟು ಬರುವ ತಂತಿಗೆ ಕೂಡಿಸಿದೆ. ಈ ಸಲ ಟೇಪಿನ ಸುರುಳಿ ಹಿಡಿದುಕೊಂಡು ಕೂತಿದ್ದವರು ಮಾವನವರೇ.

ಕೆಲಸ ಮುಗಿದ ಮೇಲೆ, ಒಂದು ಸುತ್ತು ಹೋಗಿ ಬರೋಣ ಬಾ ಎಂದು ನನಗೇ ಹೇಳಿದರು. ಯುನಿವರ್ಸಿಟಿ ಗೇಟಿನ ತನಕ ಅವರೇ ಓಡಿಸಿದರು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಆಟೋಗಳಿಗೆಲ್ಲ ದಾರಿ ಬಿಟ್ಟುಕೊಟ್ಟು, ಬಹಳ ನಿಧಾನ. ನಾನು ಸ್ಟೀರಿಯೊ ಹಚ್ಚಲು ಕೈ ಚಾಚಿದೆ.

"ಈಗ ಬ್ಯಾಡ," ಎಂದರು. "ಗಾಡಿ ಹೊಡ್ಯಾಕತ್ತೀನಿ."